ಗಿಡುಗ, ಗುಬ್ಬಿ ಮತ್ತು ಪಸೋಲಿನಿ

1

ದಲಿತ ವಿಮರ್ಶೆಯ ಸಂಚಿಕೆಯಲ್ಲಿ ಇಟಲಿಯ ಒಬ್ಬ ಸಿನಿಮಾ ನಿರ್ದೇಶಕನಿಗೆ ಏನು ಕೆಲಸ ಅಂತ ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಹೊರಗಿನ ಹೆಸರುಗಳನ್ನು ತಂದು ನಮ್ಮ ಅನುಭವದ ಮೇಲೆ ಹೇರುವ ಚಟ ಕನ್ನಡ ವಿಮರ್ಶೆಗೆ ಹಳೆಯದು. ನವ್ಯರು ಎಲಿಯಟ್, ಸಾರ್ತ್ರ್, ಕಾಮು ಅಂತ ಜಪ ಮಾಡುತ್ತಿದ್ದಾಗ ಕೇರಿಯ ಮಕ್ಕಳಿಗೆ ಅದರಿಂದ ದಕ್ಕಿದ್ದು ಬಹಳ ಕಡಿಮೆ. ಹಾಗಾಗಿ ನಾನು ಪಿಯರ್ ಪಾವೊಲೊ ಪಸೋಲಿನಿಯನ್ನು ಇಲ್ಲಿಗೆ ಕರೆತರುತ್ತಿರುವುದು ಮಂಗಳಾರತಿ ಎತ್ತುವುದಕ್ಕಲ್ಲ, ಅವನ ಜೊತೆ ಒಂದು ಜಗಳ ಮಾಡುವುದಕ್ಕೆ.

ಜಗಳದ ವಿಷಯ ಇಷ್ಟು: ಕೆಳಗಿನವರನ್ನು ನಿಜವಾಗಿಯೂ ಪ್ರೀತಿಸಿದ ಹೊರಗಿನವನ ಪ್ರೀತಿಯನ್ನು ಕೆಳಗಿನವರು ಏನು ಮಾಡಬೇಕು? ನಮ್ಮನ್ನು ದ್ವೇಷಿಸುವವರ ವಿಚಾರ ಸುಲಭ, ಅವರಿಗೆ ಉತ್ತರ ಕೊಡುವುದನ್ನು ಬಾಬಾಸಾಹೇಬರು ಕಲಿಸಿಕೊಟ್ಟಿದ್ದಾರೆ. ಕಷ್ಟ ಇರುವುದು ಪ್ರೀತಿಸುವವರ ವಿಚಾರದಲ್ಲಿ. ಪಸೋಲಿನಿ ಅಂಥ ಪ್ರೀತಿಯ ಅತ್ಯಂತ ದೊಡ್ಡ, ಅತ್ಯಂತ ಪ್ರಾಮಾಣಿಕ ಉದಾಹರಣೆ. ಆದ್ದರಿಂದಲೇ ಅವನನ್ನು ಪರೀಕ್ಷೆ ಮಾಡಬೇಕು.

2

ಪಸೋಲಿನಿ ಹುಟ್ಟಿದ್ದು 1922ರ ಮಾರ್ಚ್ 5ರಂದು, ಬೊಲೋನ್ಯಾ ನಗರದಲ್ಲಿ. ತಂದೆ ಸೈನ್ಯದ ಅಧಿಕಾರಿ. ತಾಯಿ ಸುಸಾನ್ನಾ ಫ್ರಿಯುಲಿ ಸೀಮೆಯ ಕಸಾರ್ಸ ಎಂಬ ಊರಿನವಳು, ಶಾಲಾ ಶಿಕ್ಷಕಿ. ಅಂದರೆ ಆತ ಹುಟ್ಟಿನಿಂದ ತಳದವನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಇಪ್ಪತ್ತನೇ ವಯಸ್ಸಿನಲ್ಲಿ, 1942ರಲ್ಲಿ, ಮೊದಲ ಕವನ ಸಂಕಲನ ತಂದ. ಅದರ ಭಾಷೆ ಪುಸ್ತಕದ ಇಟಾಲಿಯನ್ ಅಲ್ಲ, ಕಸಾರ್ಸದ ಸುತ್ತಿನ ರೈತರು ಆಡುವ ಫ್ರಿಯುಲಿ ಮಾತು. ಆಗ ಮುಸೊಲಿನಿಯ ಆಡಳಿತ. ದೇಶ ಒಂದು, ನುಡಿ ಒಂದು ಅಂತ ಫ್ಯಾಸಿಸ್ಟರು ಆಡುಮಾತುಗಳನ್ನು ಅದುಮುತ್ತಿದ್ದ ಕಾಲ. ಜಾನ್‌ಫ್ರಾಂಕೊ ಕೊಂತಿನಿ ಎಂಬ ದೊಡ್ಡ ವಿದ್ವಾಂಸ ಆ ಪುಟ್ಟ ಪುಸ್ತಕಕ್ಕೆ ಬರೆದ ವಿಮರ್ಶೆ ಇಟಲಿಯಲ್ಲಿ ಅಚ್ಚಾಗದೆ ಸ್ವಿಟ್ಜರ್ಲೆಂಡಿನ ಪತ್ರಿಕೆಯೊಂದರಲ್ಲಿ ಅಚ್ಚಾಗಬೇಕಾಯಿತು. ಬರಹಕ್ಕೆ ಲಾಯಕ್ಕಿಲ್ಲದ್ದು ಅಂತ ಶಿಷ್ಟರು ತಳ್ಳಿದ ಮಾತನ್ನು ಬರಹಕ್ಕೆ ತರುವುದು ರಾಜಕೀಯದ ಕೆಲಸ ಅನ್ನುವುದು ಆತನಿಗೆ ಆ ವಯಸ್ಸಿಗೇ ಗೊತ್ತಿತ್ತು.

ಆದರೆ ಒಂದು ವ್ಯತ್ಯಾಸ ಇದೆ. ಫ್ರಿಯುಲಿ ಅವನ ಮನೆಯ ಮಾತಾಗಿರಲಿಲ್ಲ. ರೈತರ ಬಾಯಿಂದ ಕೇಳಿ, ಕಲಿತು, ಆಯ್ದುಕೊಂಡದ್ದು. ದೇವನೂರ ಮಹಾದೇವರ 'ಕುಸುಮಬಾಲೆ' 1984ರಲ್ಲಿ ಬಂದಾಗ ಆ ಭಾಷೆ ಕೇರಿಯ ಒಳಗಿಂದಲೇ ಎದ್ದು ಬಂದಿತ್ತು. ಪಸೋಲಿನಿಯ ಭಾಷೆ ಪ್ರೀತಿಯಿಂದ ಕಲಿತದ್ದು. ಎರಡೂ ಬೆಲೆಯುಳ್ಳವೇ, ಆದರೆ ಎರಡೂ ಒಂದಲ್ಲ. ಈ ವ್ಯತ್ಯಾಸ ಅವನ ಬದುಕಿನುದ್ದಕ್ಕೂ ಅವನನ್ನು ಹಿಂಬಾಲಿಸಿತು.

ತಮ್ಮ ಗುಯಿದೊ ಫ್ಯಾಸಿಸ್ಟರ ವಿರುದ್ಧ ಬಂದೂಕು ಹಿಡಿದು ಕಾಡಿಗೆ ಹೋದವನು. 1945ರ ಫೆಬ್ರವರಿಯಲ್ಲಿ ಅವನನ್ನು ಕೊಂದವರು ಫ್ಯಾಸಿಸ್ಟರಲ್ಲ, ಇನ್ನೊಂದು ಬಣದ ಕಮ್ಯುನಿಸ್ಟ್ ಹೋರಾಟಗಾರರು. ಆದರೂ ಯುದ್ಧ ಮುಗಿದ ಮೇಲೆ ಪಸೋಲಿನಿ ಕಮ್ಯುನಿಸ್ಟ್ ಪಕ್ಷವನ್ನೇ ಸೇರಿದ. ಶಾಲೆಯಲ್ಲಿ ರೈತರ ಮಕ್ಕಳಿಗೆ ಪಾಠ ಹೇಳಿದ. 1949ರಲ್ಲಿ ಹುಡುಗರೊಂದಿಗೆ ಲೈಂಗಿಕವಾಗಿ ನಡೆದುಕೊಂಡನೆಂಬ ಆರೋಪ ಬಂತು. ನ್ಯಾಯಾಲಯದ ತೀರ್ಮಾನಕ್ಕೂ ಕಾಯದೆ ಪಕ್ಷ ಅವನನ್ನು ಹೊರಹಾಕಿತು, ಕೆಲಸವೂ ಹೋಯಿತು. ಮುಂದೆ ಮೇಲ್ಮನವಿಯಲ್ಲಿ ಬಿಡುಗಡೆಯಾಯಿತು, ಅದು ಬೇರೆ ಮಾತು. ಆತ ಸಲಿಂಗಕಾಮಿ, ಅದನ್ನು ಮುಚ್ಚಿಡಲಿಲ್ಲ. ಆ ಕಾರಣಕ್ಕೆ ಚರ್ಚಿನವರಿಂದಲೂ ಪಕ್ಷದವರಿಂದಲೂ ಹೊರಗೆ ನಿಲ್ಲಬೇಕಾದ ಅವಮಾನ ನಿಜವಾದದ್ದು. ಅದರ ಜೊತೆಗೇ, ಓದಿದ ಗಂಡಸಿಗೂ ಬಡ ಹುಡುಗರಿಗೂ ನಡುವೆ ಇರುವ ಅಧಿಕಾರದ ಅಂತರವೂ ನಿಜವಾದದ್ದು. ಒಂದನ್ನು ಹೇಳಿ ಇನ್ನೊಂದನ್ನು ನುಂಗಿಕೊಳ್ಳುವ ವಿಮರ್ಶೆ ನಮಗೆ ಬೇಡ.

1950ರ ಜನವರಿಯಲ್ಲಿ ತಾಯಿ ಮಗ ಇಬ್ಬರೇ ಊರು ಬಿಟ್ಟು ರೋಮಿಗೆ ಬಂದರು.

3

ರೋಮಿನಲ್ಲಿ ಪಸೋಲಿನಿ ಕಂಡದ್ದು ಚರಿತ್ರೆಯ ಪುಸ್ತಕದ ರೋಮನ್ನಲ್ಲ. ಊರಾಚೆಯ ಬೊರ್ಗಾತೆಗಳನ್ನು. ಮುಸೊಲಿನಿ ನಗರದ ನಡುವೆ ಅಗಲ ರಸ್ತೆ ಹಾಕಿಸಲು ಬಡವರನ್ನು ಎಬ್ಬಿಸಿ ಹೊರಗೆ ಸಾಗಿಸಿದ್ದ. ಆಮೇಲೆ ದಕ್ಷಿಣದಿಂದ ಹೊಟ್ಟೆಪಾಡಿಗೆ ಬಂದವರು ಅಲ್ಲೇ ಸೇರಿಕೊಂಡರು. ತಗಡು, ಇಟ್ಟಿಗೆ, ದೂಳು, ಕೆಲಸವಿಲ್ಲದ ಹುಡುಗರು. ಊರಾಚೆ ಇರುವುದು ಅಂದರೆ ಏನು ಅಂತ ನಮಗೆ ಯಾರೂ ವಿವರಿಸಬೇಕಾಗಿಲ್ಲ. ಆದರೆ ಹೋಲಿಕೆಯನ್ನು ಬಹಳ ದೂರ ಎಳೆಯಬಾರದು. ಬೊರ್ಗಾತೆಯ ಹುಡುಗನ ಕೈಗೆ ನಾಲ್ಕು ಕಾಸು ಬಂದರೆ ಆತ ಬೇರೆ ಬೀದಿಯಲ್ಲಿ ಮನೆ ಹಿಡಿಯಬಹುದು. ಮನೆ ಕೊಡುವವನು ಕುಲ ಕೇಳುವುದಿಲ್ಲ, ನೀರು ಮುಟ್ಟಿದ್ದಕ್ಕೆ ಯಾರೂ ಶುದ್ಧಿ ಮಾಡಿಸುವುದಿಲ್ಲ. ವರ್ಗ ಬೇರೆ, ಜಾತಿ ಬೇರೆ.

ಈ ಹುಡುಗರ ಮೇಲೆ ಆತ ಬರೆದ ಕಾದಂಬರಿ 1955ರಲ್ಲಿ ಬಂತು. ಅಶ್ಲೀಲ ಅಂತ ಕೇಸು ಬಿತ್ತು, ಆಮೇಲೆ ಖುಲಾಸೆಯಾಯಿತು. ಅಲ್ಲಿಂದ ಸಾಯುವವರೆಗೆ, ಸತ್ತ ಮೇಲೂ, ಅವನ ಬರಹ ಸಿನಿಮಾಗಳ ಮೇಲೆ ಮೊಕದ್ದಮೆಗಳ ಸಾಲು. ಬೊರ್ಗಾತೆಯ ಮಾತನ್ನು ಅವನಿಗೆ ಕಲಿಸಿದವನು ಸೆರ್ಜಿಯೊ ಚಿತ್ತಿ, ಗೋಡೆಗೆ ಬಣ್ಣ ಬಳಿಯುವ ಕೆಲಸದವನು. ಅವನ ತಮ್ಮ ಫ್ರಾಂಕೊ ಚಿತ್ತಿಯೇ 1961ರಲ್ಲಿ ಪಸೋಲಿನಿಯ ಮೊದಲ ಸಿನಿಮಾ 'ಅಕ್ಕತ್ತೋನೆ'ಯ ನಾಯಕ. ಅಕ್ಕತ್ತೋನೆ ಅಂದರೆ ಭಿಕಾರಿ. ಹೆಣ್ಣಿನ ಸಂಪಾದನೆಯಲ್ಲಿ ಕೂತು ತಿನ್ನುವ ಒಬ್ಬ ತಲೆಹಿಡುಕನ ಕಥೆ. ಒಂದು ದಿನ ಕೂಲಿ ಮಾಡಿ ನೋಡುತ್ತಾನೆ, ಆಗುವುದಿಲ್ಲ. ಕಳ್ಳತನಕ್ಕೆ ಹೋಗುತ್ತಾನೆ, ಪೊಲೀಸರಿಂದ ತಪ್ಪಿಸಿಕೊಳ್ಳುವಾಗ ಮೋಟಾರ್ ಸೈಕಲ್ಲಿನಿಂದ ಬಿದ್ದು ಸಾಯುತ್ತಾನೆ.

ಕಥೆ ಇಷ್ಟೇ. ಆದರೆ ಇಂಥವನು ದೂಳಿನಲ್ಲಿ ಹೊರಳಾಡಿ ಹೊಡೆದಾಡುವಾಗ ಹಿಂದೆ ಕೇಳಿಸುವುದು ಬಾಖ್‌ನ ಸಂಗೀತ, ಯೇಸುವಿನ ಯಾತನೆಯನ್ನು ಕುರಿತು ಚರ್ಚಿಗಾಗಿ ರಚಿಸಿದ್ದು. ಕ್ಯಾಮರಾ ಅವನ ಮುಖದ ಎದುರು ನೇರವಾಗಿ ನಿಲ್ಲುತ್ತದೆ, ಹಳೆಯ ಚಿತ್ರಕಾರರು ಸಂತರ ಮುಖದ ಎದುರು ನಿಂತ ಹಾಗೆ. ಅದಕ್ಕಿಂತ ಮುಂಚಿನ ಇಟಲಿಯ ನವವಾಸ್ತವವಾದಿ ಸಿನಿಮಾಗಳಲ್ಲಿ ಬಡವ ಹೆಚ್ಚಾಗಿ ಒಳ್ಳೆಯವನಾಗಿರುತ್ತಿದ್ದ, ನೋಡುವವರಿಗೆ ಅಯ್ಯೋ ಪಾಪ ಅನ್ನಿಸುತ್ತಿತ್ತು. ಪಸೋಲಿನಿ ಅಯ್ಯೋ ಪಾಪವನ್ನು ಕಿತ್ತುಹಾಕಿದ. ಇವನು ಒಳ್ಳೆಯವನಲ್ಲ, ಕೃತಜ್ಞನಲ್ಲ, ಸುಧಾರಿಸುವವನೂ ಅಲ್ಲ, ಆದರೂ ಇವನ ಮುಖಕ್ಕೆ ಘನತೆ ಇದೆ ಅಂದ. ಘನತೆಯನ್ನು ಒಳ್ಳೆಯ ನಡತೆಯ ಸರ್ಟಿಫಿಕೇಟ್ ತೋರಿಸಿ ಪಡೆಯಬೇಕಾಗಿಲ್ಲ ಅನ್ನುವ ಈ ಮಾತು ದಲಿತ ವಿಮರ್ಶೆಗೆ ಬಹಳ ಮುಖ್ಯ. ಸಿನಿಮಾದ ಹೊಲೆಯ ಯಾವಾಗಲೂ ಸ್ವಾಮಿನಿಷ್ಠನೋ ಕುಡುಕನೋ ಆಗಿರುವುದನ್ನು ನೋಡಿ ಬೇಸತ್ತವರಿಗೆ ಇದು ಅರ್ಥವಾಗುತ್ತದೆ.

ಇನ್ನೊಂದು ಸಂಗತಿಯನ್ನೂ ಹೇಳಬೇಕು. ಫ್ರಾಂಕೊ ಚಿತ್ತಿಯ ಮುಖ ಪರದೆಯ ಮೇಲಿದೆ, ದನಿ ಮಾತ್ರ ಅವನದಲ್ಲ. ಇಟಲಿಯಲ್ಲಿ ಆಗ ಎಲ್ಲ ಸಿನಿಮಾಕ್ಕೂ ಡಬ್ಬಿಂಗ್ ಮಾಡುವ ರೂಢಿ. ಅವನಿಗೆ ದನಿ ಕೊಟ್ಟವನು ಪಾವೊಲೊ ಫೆರಾರಿ ಎಂಬ ವೃತ್ತಿನಟ. ಇದು ಪಸೋಲಿನಿಯೊಬ್ಬನ ತಪ್ಪಲ್ಲ, ಆದರೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಮುಖ ಕೇರಿಯದು, ದನಿ ಬೇರೆಯವರದು. ನಮ್ಮ ಬಗ್ಗೆ ಬಂದ ಎಷ್ಟೋ ಒಳ್ಳೆಯ ಕೃತಿಗಳ ಹಣೆಬರಹವೂ ಇದೇ ತಾನೆ?

4

ಈ ಪ್ರಶ್ನೆ ಪಸೋಲಿನಿಗೆ ಹೊಳೆದಿರಲಿಲ್ಲ ಅಂತಲ್ಲ. 1963ರ 'ಲಾ ರಿಕೋತ್ತ' ಎಂಬ ಅರ್ಧ ಗಂಟೆ ಚಿಲ್ಲರೆಯ ಚಿತ್ರ ಅದಕ್ಕೆ ಪುರಾವೆ. ಒಬ್ಬ ದೊಡ್ಡ ನಿರ್ದೇಶಕ ಯೇಸುವಿನ ಬಗ್ಗೆ ಸಿನಿಮಾ ತೆಗೆಯುತ್ತಿದ್ದಾನೆ. ಆ ಪಾತ್ರ ಮಾಡಿದವನು ಆರ್ಸನ್ ವೆಲ್ಸ್. ಯೇಸುವಿನ ಪಕ್ಕದ ಶಿಲುಬೆಯ ಮೇಲಿನ ಒಳ್ಳೆಯ ಕಳ್ಳನ ಪಾತ್ರಕ್ಕೆ ಬಂದವನು ಸ್ತ್ರಾಚ್ಚಿ, ಹೆಸರಿನ ಅರ್ಥ ಚಿಂದಿ. ತನಗೆ ಕೊಟ್ಟ ಊಟದ ಪೊಟ್ಟಣವನ್ನು ಹೆಂಡತಿ ಮಕ್ಕಳಿಗೆ ಕೊಟ್ಟುಬಿಡುತ್ತಾನೆ. ಹೇಗೋ ಗಿಟ್ಟಿಸಿದ ಇನ್ನೊಂದು ಪೊಟ್ಟಣವನ್ನು ನಟಿಯ ನಾಯಿ ತಿನ್ನುತ್ತದೆ. ಆ ನಾಯಿಯನ್ನೇ ಮಾರಿ ರಿಕೋತ್ತ ಕೊಳ್ಳುತ್ತಾನೆ. ರಿಕೋತ್ತ ಅಂದರೆ ಚೀಸು ತೆಗೆದು ಉಳಿದ ತಿಳಿಯನ್ನು ಮತ್ತೆ ಕಾಯಿಸಿ ಮಾಡುವ, ಗಿಣ್ಣಿನ ಹಾಗೆ ಮೆತ್ತಗಿರುವ ತಿನಿಸು. ಹಸಿದವನು ಅದನ್ನು ಗಬಗಬ ತಿನ್ನುವುದನ್ನು ಸಿನಿಮಾದವರು ಸುತ್ತ ನಿಂತು ನಗುತ್ತಾ ನೋಡುತ್ತಾರೆ, ಇನ್ನಷ್ಟು ತಂದು ತುರುಕುತ್ತಾರೆ. ಕೊನೆಗೆ ಶಿಲುಬೆಗೆ ಕಟ್ಟಿ, ಕ್ಯಾಮರಾ ಓಡಿಸುವಾಗ ಆತ ನಿಜವಾಗಿಯೂ ಸತ್ತಿರುತ್ತಾನೆ.

ಒಳಗಿನ ಸಿನಿಮಾದ ಯೇಸುವಿನ ದೃಶ್ಯಗಳು ಬಣ್ಣದಲ್ಲಿವೆ, ಹಳೆಯ ವರ್ಣಚಿತ್ರಗಳನ್ನು ನಕಲು ಮಾಡಿದ ಹಾಗೆ. ಸ್ತ್ರಾಚ್ಚಿಯ ಹಸಿವು ಕಪ್ಪು ಬಿಳುಪಿನಲ್ಲಿದೆ. ಕಲೆಗೆ ಬಣ್ಣ, ಹಸಿವಿಗೆ ಬಣ್ಣವಿಲ್ಲ. ನೋವನ್ನು ಚಿತ್ರಿಸುತ್ತಿರುವ ಜಾಗದಲ್ಲೇ ನೋವಿನವನೊಬ್ಬ ಸಾಯುತ್ತಿದ್ದರೂ ಕಲಾವಿದನ ಕಣ್ಣಿಗೆ ಬೀಳುವುದಿಲ್ಲ. ತಾನೂ ಅದೇ ಕಸುಬಿನವನು ಅಂತ ಪಸೋಲಿನಿಗೆ ಗೊತ್ತು. ದೇಶದ ಧರ್ಮವನ್ನು ಅವಮಾನಿಸಿದ ಅಂತ ಈ ಚಿತ್ರಕ್ಕೆ ಅವನಿಗೆ ನಾಲ್ಕು ತಿಂಗಳ ಶಿಕ್ಷೆ ವಿಧಿಸಿದರು, ಮೇಲಿನ ಕೋರ್ಟಿನಲ್ಲಿ ಅದು ಬಿದ್ದುಹೋಯಿತು.

ಮರುವರ್ಷವೇ, 1964ರಲ್ಲಿ, ಅದೇ ಮನುಷ್ಯ 'ಮತ್ತಾಯನ ಸುವಾರ್ತೆ' ತೆಗೆದ. ಆತ ನಾಸ್ತಿಕ, ಮಾರ್ಕ್ಸ್‌ವಾದಿ. ಪ್ಯಾಲೆಸ್ಟೈನಿಗೆ ಹೋಗಿ ನೋಡಿ, ಅದು ಬೇಡವೆಂದು ದಕ್ಷಿಣ ಇಟಲಿಗೆ ಬಂದ. ಜನ ಗುಹೆಗಳಲ್ಲಿ ವಾಸವಾಗಿದ್ದ ಮತೇರ ಎಂಬ ಬಡ ಊರೇ ಜೆರುಸಲೇಮ್ ಆಯಿತು. ಅಲ್ಲಿನ ರೈತರು, ಕೂಲಿಗಳು ಪಾತ್ರಧಾರಿಗಳು. ಯೇಸುವಾದವನು ಸ್ಪೇನಿನ ಒಬ್ಬ ವಿದ್ಯಾರ್ಥಿ. ಮುಪ್ಪಿನ ಮರಿಯಳಾಗಿ ಪಸೋಲಿನಿಯ ತಾಯಿ ಸುಸಾನ್ನಾ, ಮಗನನ್ನು ಕಳೆದುಕೊಂಡ ನಿಜವಾದ ತಾಯಿ. ಕ್ಯಾಲೆಂಡರಿನ ಸೌಮ್ಯ ಯೇಸು ಇವನಲ್ಲ. ಬೀಸು ಹೆಜ್ಜೆ ಹಾಕಿ ನಡೆಯುತ್ತಾನೆ, ಬೈಯುತ್ತಾನೆ. ಹಿನ್ನೆಲೆಯಲ್ಲಿ ಬಾಖ್ ಜೊತೆಗೆ ಕಾಂಗೋದ ಜನರ ಪ್ರಾರ್ಥನೆ, ಅಮೆರಿಕದ ಕರಿಯ ಗುಲಾಮರಿಂದ ಬಂದ ಹಾಡು. ಧರ್ಮಗ್ರಂಥವೊಂದನ್ನು ಪುರೋಹಿತರ ಕೈಯಿಂದ ಬಿಡಿಸಿ ಹಸಿದವರ ಮುಖಗಳಿಗೆ ಒಪ್ಪಿಸಿದ್ದು ಈ ಚಿತ್ರದ ಸಾಧನೆ.

5

ನನ್ನ ಮಟ್ಟಿಗೆ ಪಸೋಲಿನಿಯ ಬಹಳ ದೊಡ್ಡ ಕೃತಿ 1966ರ 'ಗಿಡುಗಗಳು ಮತ್ತು ಗುಬ್ಬಿಗಳು'. ಅದರೊಳಗೆ ಒಂದು ಕಥೆ ಬರುತ್ತದೆ. ಸಂತ ಫ್ರಾನ್ಸಿಸ್ ಇಬ್ಬರು ಶಿಷ್ಯರಿಗೆ, ಹೋಗಿ ಹಕ್ಕಿಗಳಿಗೆ ದೇವರ ಪ್ರೀತಿಯನ್ನು ಬೋಧಿಸಿ ಅನ್ನುತ್ತಾನೆ. ಅವರು ತಿಂಗಳುಗಟ್ಟಲೆ ಕೂತು ಗಿಡುಗಗಳ ಭಾಷೆ ಕಲಿಯುತ್ತಾರೆ, ಬೋಧಿಸುತ್ತಾರೆ. ಗಿಡುಗಗಳು ಒಪ್ಪುತ್ತವೆ. ಆಮೇಲೆ ಗುಬ್ಬಿಗಳು. ಗುಬ್ಬಿಗಳ ಭಾಷೆ ಕುಪ್ಪಳಿಸುವುದರಲ್ಲಿದೆ ಅಂತ ಕಂಡುಕೊಂಡು, ಮುದುಕ ಶಿಷ್ಯ ಕುಪ್ಪಳಿಸಿ ಕುಪ್ಪಳಿಸಿ ಅವಕ್ಕೂ ಬೋಧಿಸುತ್ತಾನೆ. ಅವೂ ಒಪ್ಪುತ್ತವೆ. ಕೆಲಸ ಮುಗಿಯಿತು ಅಂತ ಹಿಗ್ಗುತ್ತಾ ಹೊರಟಾಗ, ಕಣ್ಣೆದುರಿಗೇ ಒಂದು ಗಿಡುಗ ಎರಗಿ ಗುಬ್ಬಿಯನ್ನು ಕೊಲ್ಲುತ್ತದೆ. ಗಿಡುಗ ಗಿಡುಗವನ್ನು ಪ್ರೀತಿಸುತ್ತದೆ, ಗುಬ್ಬಿ ಗುಬ್ಬಿಯನ್ನು ಪ್ರೀತಿಸುತ್ತದೆ, ದೇವರನ್ನು ಎರಡೂ ಪ್ರೀತಿಸುತ್ತವೆ. ಆದರೆ ಗಿಡುಗ ಗುಬ್ಬಿಯನ್ನು ತಿನ್ನುವುದು ನಿಲ್ಲಲಿಲ್ಲ!

ಹೃದಯ ಪರಿವರ್ತನೆಯ ಬಗ್ಗೆ ಇದಕ್ಕಿಂತ ಚುರುಕಾದ ಟೀಕೆಯನ್ನು ನಾನು ಸಿನಿಮಾದಲ್ಲಿ ಕಂಡಿಲ್ಲ. 1932ರ ಪುಣೆ ಒಪ್ಪಂದದ ಮೇಲೆ ಗಾಂಧಿ ಹರಿಜನ ಸೇವೆ ಶುರು ಮಾಡಿದರು. ಸವರ್ಣರ ಮನಸ್ಸು ಕರಗಿದರೆ ಅಸ್ಪೃಶ್ಯತೆ ಕರಗುತ್ತದೆ ಅನ್ನುವುದು ಅವರ ನಂಬಿಕೆ. ಅಂಬೇಡ್ಕರ್ ಕೇಳಿದ್ದು ಮನಸ್ಸಿನ ವಿಷಯವಲ್ಲ, ಅಧಿಕಾರದ ವಿಷಯ. ಗಿಡುಗ ಭಕ್ತನಾಗಿರಬಹುದು, ಕರುಣಾಳುವಾಗಿರಬಹುದು, ಗುಬ್ಬಿಯ ಭಯ ಮಾತ್ರ ಅವನ ಕರುಣೆಯಿಂದ ಹೋಗುವುದಿಲ್ಲ. ಪಸೋಲಿನಿ ಅಂಬೇಡ್ಕರರನ್ನು ಓದಿದ್ದನೆಂದು ನಾನು ಹೇಳುತ್ತಿಲ್ಲ. ಬೇರೆ ದಾರಿಯಲ್ಲಿ ಅದೇ ಜಾಗಕ್ಕೆ ಬಂದಿದ್ದ.

ಅದೇ ಸಿನಿಮಾದಲ್ಲಿ ಇನ್ನೊಂದು ಘಟನೆ. ತಂದೆ ಮಗ ಇಬ್ಬರು ಬಾಕಿ ವಸೂಲಿಗೆ ಒಂದು ಬಡ ಮನೆಗೆ ಹೋಗುತ್ತಾರೆ. ಹಸಿದ ಮಕ್ಕಳು ಏಳಬಾರದೆಂದು ತಾಯಿ ಇನ್ನೂ ರಾತ್ರಿ, ಮಲಗಿ ಅಂತ ಸುಳ್ಳು ಹೇಳುತ್ತಿದ್ದಾಳೆ. ದುಡ್ಡು ಕೊಡದಿದ್ದರೆ ಮನೆ ಬಿಡು ಅಂತ ಇವರು ಗದರಿಸುತ್ತಾರೆ. ಮುಂದೆ ಇವರೇ ಸಾಲ ಕೊಟ್ಟ ಸಾಹುಕಾರನ ಬಂಗಲೆಗೆ ಹೋಗಿ, ಅವನ ನಾಯಿಗಳಿಗೆ ಬೆದರಿ, ನೆಲಕ್ಕೆ ಬಿದ್ದು ವಾಯಿದೆ ಬೇಡುತ್ತಾರೆ. ತುಳಿಸಿಕೊಳ್ಳುವವನೂ ತನ್ನ ಕೆಳಗೆ ತುಳಿಯಲು ಒಬ್ಬನನ್ನು ಹುಡುಕಿಕೊಂಡಿರುತ್ತಾನೆ. ಅಂಬೇಡ್ಕರ್ ಶ್ರೇಣೀಕೃತ ಅಸಮಾನತೆ ಅಂದದ್ದು ಜಾತಿಯ ಏಣಿಯನ್ನು. ಇದು ಜಾತಿಯಲ್ಲ, ಆದರೆ ಏಣಿಯ ಲಕ್ಷಣ ಒಂದೇ. ಕೇರಿಯೊಳಗೇ ಎಡ ಬಲ ಅಂತ ಗೆರೆ ಎಳೆದುಕೊಂಡಿರುವ ನಾವು ಈ ದೃಶ್ಯವನ್ನು ನೋಡಿ ಸುಮ್ಮನೆ ನಗುವ ಹಾಗಿಲ್ಲ.

6

ಪಸೋಲಿನಿ ಇಂಡಿಯಾಕ್ಕೆ ಬಂದಿದ್ದ. 1961ರಲ್ಲಿ ಲೇಖಕರಾದ ಅಲ್ಬೆರ್ತೊ ಮೊರಾವಿಯ, ಎಲ್ಸಾ ಮೊರಾಂತೆ ಜೊತೆ ಸುತ್ತಿ, ಮರುವರ್ಷ 'ಇಂಡಿಯಾದ ವಾಸನೆ' ಎಂಬ ಪುಸ್ತಕ ತಂದ. 1968ರಲ್ಲಿ ಇಟಲಿಯ ಟೆಲಿವಿಷನ್ನಿಗೆ 'ಇಂಡಿಯಾ ಕುರಿತ ಒಂದು ಸಿನಿಮಾಕ್ಕೆ ಟಿಪ್ಪಣಿಗಳು' ಎಂಬ ಕಿರುಚಿತ್ರ ಮಾಡಿದ. ಅವನು ತೆಗೆಯಬೇಕೆಂದಿದ್ದ ಕಥೆ ಹೀಗೆ: ಹಸಿದ ಹುಲಿಮರಿಗಳನ್ನು ಕಂಡು ಒಬ್ಬ ಮಹಾರಾಜ ತನ್ನ ದೇಹವನ್ನೇ ಅವಕ್ಕೆ ಕೊಡುತ್ತಾನೆ. ನಮ್ಮಲ್ಲಿ ವ್ಯಾಘ್ರೀ ಜಾತಕ ಓದಿದವರಿಗೆ ಪರಿಚಿತವೆನಿಸುವ ಕಥೆ. ಸ್ವಾತಂತ್ರ್ಯ ಬಂದ ಮೇಲೆ ಆ ರಾಜನ ಹೆಂಡತಿ ಮಕ್ಕಳು ಒಬ್ಬೊಬ್ಬರಾಗಿ ಹಸಿವಿನಿಂದ ಸಾಯುತ್ತಾರೆ. ಕ್ಯಾಮರಾ ಹಿಡಿದು ಊರೂರು ತಿರುಗಿ, ಹೀಗೆ ದೇಹ ಕೊಡುವುದು ಸಾಧ್ಯವೇ ಅಂತ ಜನರನ್ನು ಕೇಳುತ್ತಾನೆ.

ಇಂಡಿಯಾದ ಎರಡು ಮುಖ್ಯ ಸಂಗತಿಗಳು ಧರ್ಮ ಮತ್ತು ಹಸಿವು ಅಂತ ಆತ ಗುರುತಿಸಿದ್ದು ಸರಿಯೇ. ಆದರೆ ಹಸಿವಿನ ಕಥೆ ಹೇಳಲು ಅವನಿಗೆ ಮಹಾರಾಜ ಬೇಕಾದ. ದೇಹವನ್ನು ದಾನ ಮಾಡಲು ಮೊದಲು ಆ ದೇಹ ನಮ್ಮದಾಗಿರಬೇಕು. ತಲೆಮಾರುಗಳಿಂದ ಬಿಟ್ಟಿ ಚಾಕರಿಯಲ್ಲಿ, ಜೀತದಲ್ಲಿ, ಮಲದ ಗುಂಡಿಯಲ್ಲಿ ತಿಂದುಹೋದ ದೇಹಗಳನ್ನು ಯಾರೂ ಕೇಳಿ ತೆಗೆದುಕೊಳ್ಳಲಿಲ್ಲ. ಅವರ ಬಗ್ಗೆ ತ್ಯಾಗದ ಪುರಾಣ ಇಲ್ಲ.

ಆಫ್ರಿಕಾದಲ್ಲಿ ಬೇರೆ ಥರ ಆಯಿತು. ಗ್ರೀಕರ 'ಒರೆಸ್ಟಿಯಾ' ನಾಟಕವನ್ನು ಹೊಸದಾಗಿ ಸ್ವತಂತ್ರವಾದ ಆಫ್ರಿಕಾಕ್ಕೆ ಹೊಂದಿಸಬಹುದೇ ಅಂತ ಚಿತ್ರಿಸಿಕೊಂಡು ಬಂದು, ರೋಮಿನಲ್ಲಿ ಓದುತ್ತಿದ್ದ ಆಫ್ರಿಕಾದ ವಿದ್ಯಾರ್ಥಿಗಳಿಗೆ ತೋರಿಸಿದ. ಅವರು ಒಪ್ಪಲಿಲ್ಲ. ಆಫ್ರಿಕಾ ಅಂದರೆ ಒಂದೇ ಮುದ್ದೆಯಲ್ಲ ಅಂತ ತಕರಾರು ತೆಗೆದರು. ಪಸೋಲಿನಿ ಆ ತಕರಾರನ್ನು ಕತ್ತರಿಸಿ ಎಸೆಯಲಿಲ್ಲ, ಸಿನಿಮಾದೊಳಗೇ ಇಟ್ಟ. ನಮ್ಮ ಬಗ್ಗೆ ಬರೆಯುವ ಹೊರಗಿನವರಿಗೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ: ಬರೀರಪ್ಪ, ಯಾರು ಬೇಡ ಅಂದೋರು? ಆದರೆ ನಮ್ಮ ತಕರಾರನ್ನೂ ಒಳಗೆ ಸೇರಿಸಿಕೊಳ್ಳಿ.

7

ಈಗ ಜಗಳದ ನಡುಮಧ್ಯಕ್ಕೆ ಬರೋಣ.

1968ರ ಮಾರ್ಚಿನಲ್ಲಿ ರೋಮಿನ ವಾಲೆ ಜೂಲಿಯದಲ್ಲಿ ವಿದ್ಯಾರ್ಥಿಗಳಿಗೂ ಪೊಲೀಸರಿಗೂ ಹೊಡೆದಾಟವಾಯಿತು. ಪಸೋಲಿನಿ ಒಂದು ಪದ್ಯ ಬರೆದು, ಕ್ರಾಂತಿಯ ಮಾತಾಡುವ ವಿದ್ಯಾರ್ಥಿಗಳು ಉಳ್ಳವರ ಮಕ್ಕಳು, ಹೊಡೆತ ತಿಂದ ಪೊಲೀಸರು ಬಡವರ ಮಕ್ಕಳು ಅಂದ. ಎಡಪಂಥದವರು ಕೆರಳಿದರು. ಪೊಲೀಸ್ ವ್ಯವಸ್ಥೆಯನ್ನು ಆತ ಸಮರ್ಥಿಸಲಿಲ್ಲ, ಕ್ರಾಂತಿಯೊಳಗೂ ಯಾರು ಯಾರ ಮಕ್ಕಳು ಅಂತ ಕೇಳಿದ, ಅಷ್ಟೆ. ಮೇಲ್ಜಾತಿಯ ಕ್ರಾಂತಿಕಾರಿಗಳ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತು ಬಂದವರಿಗೆ ಈ ಪ್ರಶ್ನೆಯ ರುಚಿ ಗೊತ್ತು.

ಆದರೆ ಕೊನೆಯ ವರ್ಷಗಳಲ್ಲಿ ಅವನ ವಿಚಾರ ಬೇರೆ ಕಡೆ ತಿರುಗಿತು. 1975ರ ಫೆಬ್ರವರಿಯಲ್ಲಿ ಬರೆದ ಹೆಸರಾದ ಲೇಖನದಲ್ಲಿ, ಗಾಳಿ ನೀರು ಕೆಟ್ಟು ಮಿಂಚುಹುಳುಗಳು ಮಾಯವಾದ ಹಾಗೆ ಹಳೆಯ ರೈತ ಲೋಕವೂ ಮಾಯವಾಯಿತು ಅಂತ ಹಲುಬಿದ. ಫ್ಯಾಸಿಸ್ಟರ ಕೈಲಿ ಆಗದ್ದನ್ನು ಟಿವಿ ಮತ್ತು ಕೊಳ್ಳುವ ಹುಚ್ಚು ಮಾಡಿ ಮುಗಿಸಿತು ಅಂದ. ಬೊರ್ಗಾತೆಯ ಹುಡುಗರು ಉಳ್ಳವರಂತೆ ಉಡಲು, ನಡೆಯಲು ಹೊರಟದ್ದನ್ನು ಒಂದು ನರಮೇಧ ಅಂತಲೇ ಕರೆದ. ಅದೇ ವರ್ಷದ ಅಕ್ಟೋಬರಿನಲ್ಲಿ, ಒಳ್ಳೆಯ ಕಾಲ ಬರುವವರೆಗೆ ಟಿವಿಯನ್ನೂ ಕಡ್ಡಾಯ ಮಾಧ್ಯಮಿಕ ಶಾಲೆಯನ್ನೂ ಮುಚ್ಚಿಬಿಡಿ ಅಂತ ಬರೆದ. ಕೆಣಕುವುದಕ್ಕೇ ಬರೆದದ್ದು ನಿಜ. ಆದರೆ ಕೆಣಕುವವನ ಮಾತಿನಲ್ಲೂ ಒಂದು ಆಸೆ ಇರುತ್ತದೆ.

ಶಾಲೆ ಮುಚ್ಚಿ ಅಂದಾಗ ನಾನು ಅವನ ಕೈ ಬಿಡುತ್ತೇನೆ. ಶಾಲೆಗೆ ಬಂದ ಬಡವನ ಮಗ ತನ್ನತನ ಕಳೆದುಕೊಂಡು ಮಧ್ಯಮವರ್ಗದ ನಕಲಾಗುತ್ತಾನೆ ಅನ್ನುವ ಅವನ ಆತಂಕ ಸುಳ್ಳಲ್ಲ. ನಮ್ಮವ್ವನಿಗೆ ಓದು ಬರೆಹ ಬರುತ್ತಿರಲಿಲ್ಲ, ಇಡೀ ರಾತ್ರಿ ಹಾಡುವಷ್ಟು ಪದ ಬರುತ್ತಿದ್ದವು. ನನಗೆ ಅವುಗಳಲ್ಲಿ ನಾಲ್ಕೂ ಪೂರ್ತಿ ಬರೋದಿಲ್ಲ. ಇದು ನಷ್ಟವೇ. ಆದರೆ ಆ ಪದಗಳನ್ನು ಹಾಡುತ್ತಲೇ ಅವಳು ನನ್ನನ್ನು ಸ್ಕೂಲಿಗೆ ದಬ್ಬಿದಳು. ನಷ್ಟದ ಲೆಕ್ಕ ಅವಳಿಗೆ ಗೊತ್ತಿರಲಿಲ್ಲ ಅಂತ ಹೇಳಲು ಪಸೋಲಿನಿ ಯಾರು, ನಾನು ಯಾರು? ಲೆಕ್ಕ ಹಾಕಿಯೇ ಅವಳು ಆಯ್ಕೆ ಮಾಡಿದ್ದಳು.

ಇಟಲಿಯೊಳಗೇ ಇದಕ್ಕೆ ಉತ್ತರ ಬಂದಿತ್ತು. ಫ್ಲಾರೆನ್ಸಿನ ಆಚೆ ಬೆಟ್ಟದ ಮೇಲಿನ ಬಾರ್ಬಿಯಾನ ಎಂಬ ಹಳ್ಳಿಯಲ್ಲಿ ಲೊರೆಂಜೊ ಮಿಲಾನಿ ಎಂಬ ಪಾದ್ರಿ ರೈತರ ಮಕ್ಕಳಿಗೆ ಶಾಲೆ ನಡೆಸುತ್ತಿದ್ದ. 1967ರಲ್ಲಿ ಅಲ್ಲಿನ ಎಂಟು ಹುಡುಗರು ಸೇರಿ 'ಉಪಾಧ್ಯಾಯಿನಿಗೊಂದು ಪತ್ರ' ಎಂಬ ಪುಸ್ತಕ ಬರೆದರು. ಬಡವರ ಮಕ್ಕಳನ್ನು ಫೇಲು ಮಾಡಿ ಹೊರದಬ್ಬುವ ಶಾಲೆಯ ಮೇಲೆ ಅದೊಂದು ಆರೋಪಪಟ್ಟಿ. ಶಾಲೆ ಅವರನ್ನು ಎಷ್ಟೇ ಅವಮಾನಿಸಿದರೂ ಮುಚ್ಚಿ ಅಂತ ಅವರು ಕೇಳಲಿಲ್ಲ, ನಮಗೂ ಸರಿಯಾಗಿ ಕಲಿಸಿ ಅಂದರು. ಒಳಗಿನವರ ಕೋಪಕ್ಕೂ ಹೊರಗಿನವನ ದುಃಖಕ್ಕೂ ಇರುವ ವ್ಯತ್ಯಾಸ ಇದೇ. ಪಸೋಲಿನಿ ತನ್ನ ಕಣ್ಣಿನ ಮಿಂಚುಹುಳು ಹೋಯಿತೆಂದು ಅತ್ತ. ಹುಡುಗರಿಗೆ ಮಿಂಚುಹುಳುವಿನ ಬೆಳಕಲ್ಲಿ ಓದಲು ಆಗುವುದಿಲ್ಲ ಅನ್ನುವುದು ಗೊತ್ತಿತ್ತು.

ನಮ್ಮಲ್ಲೂ ಜಾನಪದ ಸತ್ತಿತು, ಹಳ್ಳಿ ಹಾಳಾಯಿತು ಅಂತ ಅಳುವವರಿದ್ದಾರೆ. ತಮಟೆ ಉಳಿಯಬೇಕು, ತಮಟೆ ಬಾರಿಸುವವನೂ ಇದ್ದಲ್ಲೇ ಉಳಿಯಬೇಕು ಅನ್ನುವ ಪ್ರೀತಿ ಅದು. ತಮಟೆ ಬೇಕೋ ಬೇಡವೋ ಅನ್ನುವುದನ್ನು ಬಾರಿಸಿದ ಕೈಗಳು ತೀರ್ಮಾನಿಸಲಿ.

8

ಕೊನೆಯ ಸಿನಿಮಾ 'ಸಲೊ' (1975). ಎರಡನೆ ಮಹಾಯುದ್ಧದ ಕೊನೆಯಲ್ಲಿ ಉಳಿದಿದ್ದ ಫ್ಯಾಸಿಸ್ಟ್ ಸರ್ಕಾರದ ಕಾಲ. ಒಬ್ಬ ಡ್ಯೂಕ್, ಒಬ್ಬ ಬಿಷಪ್, ಒಬ್ಬ ನ್ಯಾಯಾಧೀಶ, ಒಬ್ಬ ಅಧ್ಯಕ್ಷ ಸೇರಿ ಹುಡುಗ ಹುಡುಗಿಯರನ್ನು ಬಂಗಲೆಯಲ್ಲಿ ಕೂಡಿಹಾಕಿ ಹಿಂಸಿಸುತ್ತಾರೆ, ಮಲ ತಿನ್ನಿಸುತ್ತಾರೆ. ನೋಡುವುದು ಕಷ್ಟ, ಹಲವು ದೇಶಗಳಲ್ಲಿ ನಿಷೇಧವಾಯಿತು. ಮಾರುಕಟ್ಟೆ ಜನರಿಗೆ ತಿನ್ನಿಸುವ ಕಸಕ್ಕೆ ಮಲ ಒಂದು ರೂಪಕ ಅನ್ನುವುದು ನಿರ್ದೇಶಕನ ವಿವರಣೆ. 2010ರಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ತಮ್ಮನ್ನು ಒಕ್ಕಲೆಬ್ಬಿಸುವುದನ್ನು ವಿರೋಧಿಸಿ ಮೈಮೇಲೆ ಮಲ ಸುರಿದುಕೊಂಡು ನಿಂತರು. ಅವನಿಗೆ ರೂಪಕವಾದದ್ದು ನಮಗೆ ವರದಿ. ಆದರೂ ಅಧಿಕಾರ ಕಡೆಗೆ ದೇಹದ ಮೇಲೇ ಬರೆಯುತ್ತದೆ ಅಂತ ಆತ ಕಂಡದ್ದು ಸರಿ.

1975ರ ನವೆಂಬರ್ 1ರ ರಾತ್ರಿ ಕಳೆದು ಬೆಳಗಾಗುವ ಹೊತ್ತಿಗೆ, ರೋಮಿನ ಹತ್ತಿರ ಓಸ್ತಿಯದ ಕಡಲ ಬದಿಯ ಬಯಲಲ್ಲಿ ಅವನ ಹೆಣ ಸಿಕ್ಕಿತು. ಹೊಡೆದು, ಅವನದೇ ಕಾರು ಹತ್ತಿಸಿ ಕೊಂದಿದ್ದರು. ಹದಿನೇಳರ ಹುಡುಗನೊಬ್ಬನಿಗೆ ಶಿಕ್ಷೆಯಾಯಿತು. 2005ರಲ್ಲಿ ಅವನು ತಾನು ಕೊಂದಿಲ್ಲ, ಬೇರೆಯವರು ಬಂದಿದ್ದರು ಅಂದ. ನಿಜ ಇನ್ನೂ ಹೊರಬಂದಿಲ್ಲ. ಅದೇ 1975ರಲ್ಲಿ ಕನ್ನಡದಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು. ಎರಡಕ್ಕೂ ಸಂಬಂಧವಿಲ್ಲ. ಕೆಳಗಿನವರ ಲೋಕ ಮುಗಿಯಿತು ಅಂತ ಅಲ್ಲೊಬ್ಬ ಅಳುತ್ತಿದ್ದ ವರ್ಷ, ಇಲ್ಲಿ ಕೆಳಗಿನವರು ಬಾಯಿ ಬಿಡುತ್ತಿದ್ದರು ಅಂತ ನೆನಪಿಸುತ್ತಿದ್ದೇನೆ, ಅಷ್ಟೇ.

ಅವನಿಂದ ನಾವು ಇಟ್ಟುಕೊಳ್ಳಬೇಕಾದದ್ದು ಮುಖದ ಎದುರು ನೇರ ನಿಂತ ಕ್ಯಾಮರಾವನ್ನು, ಗಿಡುಗ ಗುಬ್ಬಿಯ ಕಥೆಯನ್ನು, ತಕರಾರನ್ನು ಒಳಗೇ ಇಟ್ಟುಕೊಂಡ ದೊಡ್ಡತನವನ್ನು. ವಾಪಸು ಕೊಡಬೇಕಾದದ್ದು ನಾವು ಬದಲಾದೆವೆಂಬ ಅವನ ದುಃಖವನ್ನು. ಮತ್ತೆ ಒಂದು ಹೆಸರನ್ನು ಮರೆಯಬಾರದು, ಗೋಡೆಗೆ ಬಣ್ಣ ಬಳಿಯುತ್ತಿದ್ದ ಸೆರ್ಜಿಯೊ ಚಿತ್ತಿ. ಪಸೋಲಿನಿಗೆ ಬೊರ್ಗಾತೆಯ ಮಾತು ಹೇಳಿಕೊಟ್ಟವನು 1970ರಲ್ಲಿ 'ಓಸ್ತಿಯ' ಎಂಬ ತನ್ನದೇ ಸಿನಿಮಾ ತೆಗೆದ. ಅದನ್ನು ಬರೆಯಲು ಜೊತೆಗೂಡಿದವನು ಪಸೋಲಿನಿ. ಸಂತ ಫ್ರಾನ್ಸಿಸನ ಶಿಷ್ಯರು ಗುಬ್ಬಿಗಳ ಭಾಷೆ ಕಲಿತರು, ಗುಬ್ಬಿಗಳು ಅವರಿಗೆ ಏನು ಹೇಳಿದವು ಅಂತ ನಾವು ಕೇಳಬೇಕು. ದಲಿತ ವಿಮರ್ಶೆಯ ಕೆಲಸ ಅಲ್ಲಿಂದ ಶುರು.